ನೆಲದಡಿಯ ಚಿನ್ನ ಯಾರದು?

ಕೋಲಾರ ಚಿನ್ನದ ಗಣಿ ಪ್ರದೇಶ, ಜನರ ಬಾಯಲ್ಲಿ ಕೆಜಿಎಫ್, ಬೆಂಗಳೂರಿನಿಂದ ಪೂರ್ವಕ್ಕೆ ಸುಮಾರು 100 ಕಿಲೋಮೀಟರ್ ದೂರದಲ್ಲಿದೆ. ಉತ್ತರ ದಕ್ಷಿಣವಾಗಿ ಚಾಚಿಕೊಂಡ ಕಪ್ಪು ಶಿಲೆಯ ಕಿರಿದಾದ ಪಟ್ಟಿ, ಅದರೊಳಗೆ ಓರೆಯಾಗಿ ಆಳಕ್ಕಿಳಿದ ಬೆಣಚುಕಲ್ಲಿನ ಎಳೆಗಳು, ಆ ಬೆಣಚಿನಲ್ಲಿ ಬಹುಮಟ್ಟಿಗೆ ಕಣ್ಣಿಗೆ ಬೀಳದಷ್ಟು ಸಣ್ಣ ಕಣಗಳಾಗಿ ಹರಡಿಕೊಂಡ ಚಿನ್ನ: ಇಷ್ಟರ ಮೇಲೆ ಒಂದು ಪಟ್ಟಣ ಹುಟ್ಟಿತು. 1880ರಿಂದ 2001ರವರೆಗೆ ನಡೆದ ಗಣಿಗಾರಿಕೆಯಲ್ಲಿ ಐದು ಕೋಟಿ ಟನ್ನಿಗೂ ಹೆಚ್ಚು ಅದಿರು ಮೇಲೆ ಬಂತು, ಅದರಿಂದ ಸುಮಾರು 800 ಟನ್ ಚಿನ್ನ ಸಿಕ್ಕಿತು. ಚಿನ್ನದಲ್ಲಿ ಹೆಚ್ಚಿನ ಪಾಲು ಹೊರಗೆ ಹೋಯಿತು. ಅದನ್ನು ಅಗೆದವರ ಮಕ್ಕಳು ಮೊಮ್ಮಕ್ಕಳು ಮಾರಿಕುಪ್ಪಂ, ಚಾಂಪಿಯನ್ ರೀಫ್, ಉರಿಗಾಂ, ರಾಬರ್ಟ್‌ಸನ್‌ಪೇಟೆ, ಆಂಡರ್ಸನ್‌ಪೇಟೆಗಳಲ್ಲಿ ಇಂದಿಗೂ ಇದ್ದಾರೆ.

ಈ ಪಟ್ಟಣದ ಚರಿತ್ರೆಯನ್ನು ಕಂಪನಿ, ಯಂತ್ರ, ಲಾಭ, ನಷ್ಟಗಳ ಕಥೆಯಾಗಿ ಹಲವರು ಬರೆದಿದ್ದಾರೆ. ಆದರೆ ಅದರ ಬುಡದಲ್ಲಿ ಧರ್ಮಶಾಸ್ತ್ರಗಳೂ ದರ್ಶನಗಳೂ ಬಹಳ ಹಿಂದೆಯೇ ಎದುರಿಸಿದ ಒಂದು ಪ್ರಶ್ನೆ ಇದೆ. ಯಾರೂ ಬಿತ್ತದ, ಯಾರೂ ಬೆಳೆಯದ, ಒಮ್ಮೆ ತೆಗೆದರೆ ಮತ್ತೆ ಹುಟ್ಟದ ವಸ್ತುವಿಗೆ ಒಡೆಯರು ಯಾರು? ಹೊಲದ ಫಸಲಿನ ವಿಷಯದಲ್ಲಿ ಉತ್ತರ ಅಷ್ಟು ಕಷ್ಟವಲ್ಲ. ಉತ್ತವನು, ಬಿತ್ತಿದವನು, ಕಾಯ್ದವನು ಕಣ್ಣೆದುರಿಗೇ ಇರುತ್ತಾನೆ. ಚಿನ್ನದ ಎಳೆಯನ್ನು ಬಂಡೆಯೊಳಗೆ ಇಟ್ಟವರು ಮಾತ್ರ ಯಾರೂ ಇಲ್ಲ. ಹಾಗಾಗಿ ಅದರ ಮೇಲೆ ಹಕ್ಕು ಹೇಳುವವರೆಲ್ಲ ಬೇರೆಲ್ಲಿಂದಲೋ ಒಂದು ಕಾರಣವನ್ನು ತರಬೇಕಾಗುತ್ತದೆ.

ಭಾರತೀಯ ಚಿಂತನೆಯಲ್ಲಿ ಈ ಪ್ರಶ್ನೆ ಅತ್ಯಂತ ನಿಷ್ಠುರವಾಗಿ ಎದ್ದದ್ದು ರಾಜನೀತಿಯಲ್ಲಲ್ಲ, ಯಜ್ಞದ ಚರ್ಚೆಯಲ್ಲಿ. ವಿಶ್ವಜಿತ್ ಎಂಬ ಯಾಗ ಮಾಡುವವನು ತನ್ನದೆಲ್ಲವನ್ನೂ ದಾನ ಮಾಡಬೇಕು. ಯಜಮಾನ ಚಕ್ರವರ್ತಿಯಾಗಿದ್ದರೆ ಭೂಮಿಯನ್ನೂ ಕೊಟ್ಟುಬಿಡಬೇಕೇ ಎಂಬ ಸಂಶಯ ಹುಟ್ಟಿತು. ಜೈಮಿನಿಯ ಮೀಮಾಂಸಾಸೂತ್ರಗಳ ಆರನೆಯ ಅಧ್ಯಾಯ ಇದಕ್ಕೆ ಕೊಡುವ ಉತ್ತರ ಸ್ಪಷ್ಟವಾಗಿದೆ: ಕೊಡುವಂತಿಲ್ಲ, ಏಕೆಂದರೆ ಭೂಮಿ ಎಲ್ಲರಿಗೂ ಒಂದೇ ರೀತಿಯಲ್ಲಿ ಸೇರಿದ್ದು. ಭಾಷ್ಯಕಾರ ಶಬರಸ್ವಾಮಿ ಇದನ್ನು ಇನ್ನಷ್ಟು ಬಿಡಿಸುತ್ತಾನೆ. ಸಾರ್ವಭೌಮನೆನಿಸಿಕೊಂಡವನಿಗೂ ನೆಲದ ಮೇಲೆ ಉಳಿದವರಿಗಿಂತ ಮಿಗಿಲಾದ ಒಡೆತನವಿಲ್ಲ; ಬೆಳೆಯನ್ನು ಕಾಪಾಡಿದ್ದಕ್ಕೆ ಅವನಿಗೆ ಒಂದು ಪಾಲು ಸಲ್ಲುತ್ತದೆ, ಅಷ್ಟೆ. ರಾಜನ ಕೈಯಲ್ಲಿ ಎಷ್ಟೇ ಶಕ್ತಿ ಇದ್ದರೂ ಭೂಮಿ ಅವನ ಸ್ವತ್ತಲ್ಲ ಎಂದು, ಅರಸರ ಆಶ್ರಯದಲ್ಲೇ ಬಾಳಿದ ಶಾಸ್ತ್ರವೊಂದು ಹೇಳಿತೆಂಬುದು ಸಣ್ಣ ಮಾತಲ್ಲ.

ಮನುಸ್ಮೃತಿ ಇನ್ನೊಂದು ದಾರಿ ಹಿಡಿಯುತ್ತದೆ. ಹಳೆಯ ನಿಧಿಗಳಲ್ಲೂ ನೆಲದ ಲೋಹಗಳಲ್ಲೂ ಅರ್ಧ ಪಾಲು ರಾಜನಿಗೆ ಎನ್ನುತ್ತದೆ. ಅದಕ್ಕೆ ರಕ್ಷಣೆಯ ಕಾರಣವನ್ನೂ ಆಧಿಪತ್ಯದ ಕಾರಣವನ್ನೂ ಒಟ್ಟಿಗೆ ಕೊಡುತ್ತದೆ. ಕೌಟಿಲ್ಯನಿಗೆ ಈ ಸಮರ್ಥನೆಗಳ ಅಗತ್ಯವೇ ಕಂಡಂತಿಲ್ಲ. ಬೊಕ್ಕಸ ಹುಟ್ಟುವುದು ಗಣಿಯಿಂದ, ಸೈನ್ಯ ಹುಟ್ಟುವುದು ಬೊಕ್ಕಸದಿಂದ, ಆದ್ದರಿಂದ ಗಣಿ ರಾಜ್ಯದ್ದು. ಅರ್ಥಶಾಸ್ತ್ರದಲ್ಲಿ ಗಣಿಗಳಿಗೆಂದೇ ಒಬ್ಬ ಅಧ್ಯಕ್ಷನಿದ್ದಾನೆ. ಹೆಚ್ಚು ಖರ್ಚು ಬೇಡುವ ಗಣಿಗಳನ್ನು ಪಾಲಿಗೋ ಗುತ್ತಿಗೆಗೋ ಕೊಡಬೇಕು, ಕಡಿಮೆ ಖರ್ಚಿನವನ್ನು ತಾನೇ ನಡೆಸಬೇಕು, ಕದ್ದವನಿಂದ ಎಂಟು ಪಟ್ಟು ವಸೂಲು ಮಾಡಬೇಕು, ಅಪ್ಪಣೆಯಿಲ್ಲದೆ ಗಣಿಯಿಂದ ಜೀವನ ಮಾಡುವವನನ್ನು ಕಟ್ಟಿಹಾಕಿ ಕೆಲಸ ಮಾಡಿಸಬೇಕು ಎಂಬ ವಿಧಿಗಳಿವೆ. ಆಧುನಿಕ ಗಣಿ ಕಾನೂನಿನ ಅಸ್ಥಿಪಂಜರ ಇಲ್ಲಿ ಆಗಲೇ ಸಿದ್ಧವಾಗಿ ನಿಂತಿದೆ. ಗಮನಿಸಬೇಕಾದದ್ದೆಂದರೆ, ಈ ಮೂರು ಗ್ರಂಥಗಳಲ್ಲಿ ಗಣಿಯೊಳಗೆ ಇಳಿಯುವವನು ಹಕ್ಕುದಾರನಾಗಿ ಎಲ್ಲಿಯೂ ಬರುವುದಿಲ್ಲ. ಬಂದರೆ ಕೂಲಿಯಾಗಿ, ಇಲ್ಲವೇ ಕಳ್ಳನಾಗಿ.

ಟಿಪ್ಪು ಸುಲ್ತಾನನ ಪತನದ ನಂತರ ಮೈಸೂರಿನ ಪೂರ್ವ ಗಡಿಯನ್ನು ಅಳೆಯಲು ಬಂದ ಲೆಫ್ಟಿನೆಂಟ್ ಜಾನ್ ವಾರನ್ 1802ರಲ್ಲಿ ಕೋಲಾರದ ಸೀಮೆಗೆ ಕಾಲಿಟ್ಟ. ಇಲ್ಲಿಯ ಮಣ್ಣಿನಲ್ಲಿ ಚಿನ್ನವಿದೆಯೆಂಬ ಮಾತು ಕಿವಿಗೆ ಬಿದ್ದಾಗ, ತೋರಿಸಿದವರಿಗೆ ಬಹುಮಾನ ಕೊಡುವುದಾಗಿ ಸಾರಿದ. ಹತ್ತಿರದ ಹಳ್ಳಿಯವರು ಗಾಡಿಗಳಲ್ಲಿ ಮಣ್ಣು ತುಂಬಿಕೊಂಡು ಬಂದು ಅವನ ಕಣ್ಣೆದುರಿಗೇ ತೊಳೆದು, ತಳದಲ್ಲಿ ಉಳಿದ ಚಿನ್ನದ ಪುಡಿಯನ್ನು ತೋರಿಸಿದರು. ಮಾರಿಕುಪ್ಪಂ ಬಳಿ ಅವನು ಕಂಡದ್ದು ಇನ್ನೂ ವಿಸ್ತಾರವಾದ ಕಸುಬು. ಗಂಡಸರು ಹಳ್ಳ ತೋಡಿ ಒಳಗಿಳಿದು ಕಲ್ಲು ಒಡೆಯುತ್ತಿದ್ದರು. ಒಡೆದ ಕಲ್ಲು ಬುಟ್ಟಿಗಳಲ್ಲಿ ಕೈಯಿಂದ ಕೈಗೆ ದಾಟಿ ಮೇಲೆ ಬರುತ್ತಿತ್ತು. ಹೆಂಗಸರು ಅದನ್ನು ಬಂಡೆಯ ಮೇಲೆ ಕುಟ್ಟಿ ಪುಡಿ ಮಾಡಿ, ನೀರಿನ ಬಳಿ ಒಯ್ದು ತೊಳೆದು ಚಿನ್ನ ಬೇರ್ಪಡಿಸುತ್ತಿದ್ದರು. ಸಮಾಜ ಹೊಲೆಯರು, ಪರೆಯರು ಎಂದು ಊರ ಹೊರಗಿಟ್ಟವರ ಕಸುಬು ಅದು. ಯಾರ ಪರವಾನಗಿಯೂ ಇಲ್ಲದೆ, ಯಾವ ಕಾಗದವೂ ಇಲ್ಲದೆ, ತಲೆಮಾರುಗಳಿಂದ ಬಂದ ತಿಳಿವಳಿಕೆಯಿಂದ ಅದು ನಡೆಯುತ್ತಿತ್ತು. ಕಂಡುಹಿಡಿದವನೆಂಬ ಕೀರ್ತಿ ಮಾತ್ರ ವಾರನ್‌ಗೆ ಬಂತು. ಚಿನ್ನ ಎಲ್ಲಿದೆಯೆಂದು ಅವನಿಗೆ ತೋರಿಸಿದವರಲ್ಲಿ ಒಬ್ಬರ ಹೆಸರೂ ಈ ಚರಿತ್ರೆಯ ಸಾಮಾನ್ಯ ತಿಳಿವಳಿಕೆಗೆ ದಾಟಿಬಂದಿಲ್ಲ.

ಏಳು ದಶಕಗಳ ಮೇಲೆ ಮೈಕೆಲ್ ಫಿಟ್ಜ್‌ಜೆರಾಲ್ಡ್ ಲವೆಲ್ ಎಂಬ ನಿವೃತ್ತ ಐರಿಷ್ ಸೈನಿಕ ವಾರನ್‌ನ ವರದಿಯನ್ನು ಓದಿದ. ನ್ಯೂಜಿಲೆಂಡಿನ ಯುದ್ಧದಲ್ಲಿ ಸೇವೆ ಮಾಡಿ, ಅಲ್ಲಿಯ ಚಿನ್ನದ ಹುಚ್ಚನ್ನು ಬಲ್ಲವನಾಗಿದ್ದ ಅವನು 1871ರಲ್ಲಿ ಬೆಂಗಳೂರಿನಿಂದ ಎತ್ತಿನ ಗಾಡಿಯಲ್ಲಿ ಈ ಸೀಮೆಯನ್ನು ಸುತ್ತಿ ಬಂದು, 1873ರಲ್ಲಿ ಗಣಿಯ ಹಕ್ಕಿಗೆ ಅರ್ಜಿ ಹಾಕಿದ. 1875ರಲ್ಲಿ ಅವನಿಗೆ ಇಪ್ಪತ್ತು ವರ್ಷದ ಗುತ್ತಿಗೆ ಸಿಕ್ಕಿತು. ಮೈಸೂರು ಆಗ ಬ್ರಿಟಿಷ್ ಕಮಿಷನರ ಆಡಳಿತದಲ್ಲಿತ್ತು. ಅರಸರಿಗೆ ರಾಜ್ಯ ಮರಳಿ ಸಿಕ್ಕಿದ್ದು 1881ರಲ್ಲಿ. ಆಳದ ಕೆಲಸಕ್ಕೆ ಬೇಕಾದ ಬಂಡವಾಳ ಲವೆಲ್‌ನಲ್ಲಿ ಇರಲಿಲ್ಲ. ಅವನ ಹಕ್ಕು ಕೆಲವು ಸೇನಾಧಿಕಾರಿಗಳ ಕೈಗೆ, ಅಲ್ಲಿಂದ ಲಂಡನ್ನಿನ ಕಂಪನಿಗಳ ಕೈಗೆ ದಾಟಿತು. 1880ರಲ್ಲಿ ಜಾನ್ ಟೇಲರ್ ಅಂಡ್ ಸನ್ಸ್ ಸಂಸ್ಥೆ ಗಣಿಗಳ ಮೇಲ್ವಿಚಾರಣೆಗೆ ಬಂತು. ಮೊದಲ ವರ್ಷಗಳು ನಿರಾಶೆಯವು. ಅನೇಕ ಕಂಪನಿಗಳ ಹಣ ಕರಗಿತು, ಷೇರುದಾರರು ಕೈಬಿಡುವ ಹಂತಕ್ಕೆ ಬಂದರು. ಇಲ್ಲಿಯ ಗಣಿಗಳಲ್ಲಿ ಒಂದಾದ ‘ಮೈಸೂರು’ ಗಣಿಯಲ್ಲಿ ಕ್ಯಾಪ್ಟನ್ ಪ್ಲಮರ್ ಹಳೆಯ ಕಾಲದ ಹಳ್ಳಗಳ ಕೆಳಗೆ ಅಗೆಯುತ್ತ ಹೋದಾಗ ಚಾಂಪಿಯನ್ ಎಂದು ಹೆಸರಾದ ಶ್ರೀಮಂತ ಎಳೆ ಸಿಕ್ಕಿ ಎಲ್ಲವೂ ತಿರುಗಿತು. ಆರಂಭದ ವರ್ಷಗಳಲ್ಲಿ ಟನ್ ಅದಿರಿಗೆ ನಲವತ್ತು ಗ್ರಾಮಿಗೂ ಹೆಚ್ಚು ಚಿನ್ನ ಸಿಗುತ್ತಿತ್ತು. ಹಳೆಯ ಅಗೆತಗಾರರು ನೀರು ಉಕ್ಕಿ ಕೈಬಿಟ್ಟ ಜಾಗಗಳೇ ಹೊಸ ಕಂಪನಿಗಳಿಗೆ ದಾರಿ ತೋರಿದ ಗುರುತುಗಳಾಗಿದ್ದವು ಎಂಬುದನ್ನು ಮರೆಯುವಂತಿಲ್ಲ.

ಹೀಗೆ ಒಂದು ಶತಮಾನದೊಳಗೆ ಚಿನ್ನದ ಒಡೆತನ ಸದ್ದಿಲ್ಲದೆ ಕೈ ಬದಲಾಯಿಸಿತು. ಯಾರನ್ನೂ ಬಲವಂತದಿಂದ ಓಡಿಸಿದ್ದರಿಂದ ಆದದ್ದಲ್ಲ ಇದು. ಕಾಗದದ ಮೇಲೆ ಹಕ್ಕು ಬರೆದುಕೊಟ್ಟದ್ದರಿಂದ ಆದದ್ದು. ರಾಜ್ಯ ತನ್ನದೆಂದು ಭಾವಿಸಿ ಗುತ್ತಿಗೆ ಕೊಟ್ಟಿತು, ಕಂಪನಿ ಗುತ್ತಿಗೆಯ ಬಲದಿಂದ ತೆಗೆಯಿತು, ತೆಗೆದ ಚಿನ್ನದ ಮೇಲೆ ಮೈಸೂರಿಗೆ ನೂರಕ್ಕೆ ಐದರಷ್ಟು ರಾಯಧನ ಬಂತು. ಆ ರಾಯಧನ ಮೈಸೂರು ಸಂಸ್ಥಾನದ ಆದಾಯದಲ್ಲಿ ದೊಡ್ಡ ಆಸರೆಯೇ ಆಗಿತ್ತು. ಕೌಟಿಲ್ಯ ಕಂಡಿದ್ದರೆ ಈ ವ್ಯವಸ್ಥೆಯಲ್ಲಿ ಅವನಿಗೆ ಹೊಸದೇನೂ ತೋರುತ್ತಿರಲಿಲ್ಲ.

ಯುರೋಪಿನ ಚಿಂತನೆಯಲ್ಲಿ ಒಡೆತನಕ್ಕೆ ಶ್ರಮವೇ ಮೂಲ ಎಂಬ ವಾದ ಆಗ ಇನ್ನೂರು ವರ್ಷ ಹಳೆಯದಾಗಿತ್ತು. 1689ರಲ್ಲಿ ಹೊರಬಂದ ತನ್ನ ಗ್ರಂಥದಲ್ಲಿ ಜಾನ್ ಲಾಕ್, ಭೂಮಿ ಎಲ್ಲರಿಗೂ ಸಾಮಾನ್ಯವಾಗಿ ಕೊಟ್ಟದ್ದು, ಆದರೆ ಮನುಷ್ಯ ತನ್ನ ಶ್ರಮವನ್ನು ಯಾವ ವಸ್ತುವಿನೊಡನೆ ಬೆರೆಸುತ್ತಾನೋ ಅದು ಅವನದಾಗುತ್ತದೆ ಎಂದು ವಾದಿಸಿದ. ಮೊದಲರ್ಧ ಜೈಮಿನಿಗೂ ಒಪ್ಪುವಂಥದು. ಆದರೆ ತನ್ನ ಮಾತಿಗೆ ಉದಾಹರಣೆ ಕೊಡುವಾಗ ಲಾಕ್ ಒಂದೇ ಉಸಿರಿಗೆ ಮೂರು ಸಂಗತಿಗಳನ್ನು ಹೇಳುತ್ತಾನೆ: ತನ್ನ ಕುದುರೆ ಮೇಯ್ದ ಹುಲ್ಲು, ತನ್ನ ಆಳು ಕಡಿದ ಹೆಂಟೆ, ತಾನು ಅಗೆದ ಅದಿರು, ಮೂರೂ ತನ್ನ ಸ್ವತ್ತು. ಆಳಿನ ಶ್ರಮ ಯಜಮಾನನ ಶ್ರಮವೆಂದೇ ಲೆಕ್ಕವಾಯಿತು. ಆಳು ಕುದುರೆಯ ಸಾಲಿಗೆ ಸೇರಿದ. ಶ್ರಮದಿಂದ ಒಡೆತನ ಹುಟ್ಟುತ್ತದೆಂಬ ಸಿದ್ಧಾಂತವು ಶ್ರಮಪಡುವವನನ್ನೇ ಒಡೆತನದಿಂದ ಹೊರಗಿಟ್ಟದ್ದು ಈ ಒಂದು ಸಾಲಿನ ಒಳಗೆ. ಕೆಜಿಎಫ್‌ನ ಚರಿತ್ರೆ ಈ ಸಾಲಿನ ವಿಸ್ತಾರವಾದ ವ್ಯಾಖ್ಯಾನದಂತಿದೆ. ಕೂಲಿ ಕೊಟ್ಟರೆ ಶ್ರಮದ ಋಣ ತೀರಿತು ಎಂಬ ನಂಬಿಕೆಯ ಮೇಲೆ ಅಲ್ಲಿಯ ಇಡೀ ವ್ಯವಸ್ಥೆ ನಿಂತಿತ್ತು.

ಆ ಕೂಲಿಗೆ ಬಂದವರು ಯಾರು? 1876ರಿಂದ 1878ರವರೆಗಿನ ಭೀಕರ ಕ್ಷಾಮ ದಕ್ಷಿಣ ಭಾರತದ ಒಣಸೀಮೆಯನ್ನು ಬರಿದು ಮಾಡಿದ ಮೇಲೆ ಉತ್ತರ ಆರ್ಕಾಟು, ಸೇಲಂ, ಚಿತ್ತೂರು ಕಡೆಗಳಿಂದ ಜನ ಗಣಿಗೆ ಬಂದರು. ಅವರಲ್ಲಿ ಬಹುಪಾಲು ತಮಿಳು ಮಾತಾಡುವ ದಲಿತರು. ಜೊತೆಗೆ ತೆಲುಗರು, ಕನ್ನಡಿಗರು. ಮೇಲ್ವಿಚಾರಣೆಗೆ ಇಂಗ್ಲೆಂಡಿನ ಕಾರ್ನ್‌ವಾಲ್‌ನ ಗಣಿಗಾರರು, ಆಂಗ್ಲೋ ಇಂಡಿಯನ್ನರು, ಇಟಲಿಯವರು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಗಣಿಗಳಲ್ಲಿ ಮೂವತ್ತು ಸಾವಿರಕ್ಕೂ ಹೆಚ್ಚು ಜನ ದುಡಿಯುತ್ತಿದ್ದರು. ಬೌರಿಂಗ್‌ಪೇಟೆಯಿಂದ, ಅಂದರೆ ಇಂದಿನ ಬಂಗಾರಪೇಟೆಯಿಂದ, ಮಾರಿಕುಪ್ಪಂಗೆ 1894ರಲ್ಲಿ ರೈಲು ಬಂತು. ಶಿವನಸಮುದ್ರದಲ್ಲಿ ಕಾವೇರಿಯಿಂದ ಹುಟ್ಟಿದ ವಿದ್ಯುತ್ತು 1902ರಲ್ಲಿ ಸುಮಾರು 147 ಕಿಲೋಮೀಟರ್ ತಂತಿಯ ಮೇಲೆ ಹರಿದು ಮೊದಲು ಮುಟ್ಟಿದ್ದು ಈ ಗಣಿಗಳನ್ನು; ಬೆಂಗಳೂರಿನ ಬೀದಿಗಳಿಗೆ ಅದು ಬಂದದ್ದು 1905ರಲ್ಲಿ. ಸಾಹೇಬರ ಬಂಗಲೆಗಳು, ಕ್ಲಬ್ಬು, ಚರ್ಚುಗಳ ಸುತ್ತ ಪುಟ್ಟ ಇಂಗ್ಲೆಂಡೆಂಬ ಹೆಸರು ಬೆಳೆಯಿತು. ಕಾರ್ಮಿಕರಿಗೆ ‘ಲೈನು’ಗಳೆಂದು ಕರೆಯುವ ಸಾಲು ಗುಡಿಸಲುಗಳು: ತಟ್ಟಿ ಹೊದಿಸಿದ ಒಂದೊಂದು ಕೋಣೆ, ಒಳಗೆ ಒಂದಿಡೀ ಸಂಸಾರ.

ಗಣಿ ಆಳವಾಗುತ್ತ ಹೋದಂತೆ ಚಿನ್ನ ಕಡಿಮೆಯಾಯಿತು, ಅಪಾಯ ಹೆಚ್ಚಿತು. ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗೂ ಕೆಳಗೆ ಇಳಿಯಿತು. ಅಷ್ಟು ಆಳದಲ್ಲಿ ಬಂಡೆಯೇ 60 ಡಿಗ್ರಿ ಸೆಲ್ಸಿಯಸ್‌ಗಿಂತ ಹೆಚ್ಚು ಬಿಸಿ. ಮೇಲಿನಿಂದ ತಂಪು ಗಾಳಿ ಕಳಿಸಿದರೂ ಕೆಲಸಗಾರ ಬೆವರಿನಲ್ಲೇ ತೊಯ್ದು ನಿಲ್ಲುತ್ತಿದ್ದ. ಸುತ್ತಲಿನ ಶಿಲೆಯ ಒತ್ತಡ ತಾಳಲಾರದೆ ಗೋಡೆ ಹಠಾತ್ತನೆ ಸಿಡಿಯುವ ‘ರಾಕ್ ಬರ್ಸ್ಟ್’ ಇಲ್ಲಿಯ ಪ್ರತಿ ಮನೆಗೂ ಗೊತ್ತಿದ್ದ ಮಾತು. ನೆಲದಡಿ ಬಂಡೆ ಸಿಡಿದಾಗ ಮೇಲೆ ಲೈನಿನ ಪಾತ್ರೆಗಳು ಅಲುಗಾಡುತ್ತಿದ್ದವು, ಹೆಂಗಸರು ಗಣಿಯ ಬಾಯಿಯ ಕಡೆಗೆ ಓಡುತ್ತಿದ್ದರು. ಸಿಡಿತಕ್ಕಿಂತ ನಿಧಾನವಾದದ್ದು ಧೂಳು. ಬೆಣಚುಕಲ್ಲು ಕೊರೆಯುವಾಗ ಏಳುವ ಸೂಕ್ಷ್ಮ ಪುಡಿ ಶ್ವಾಸಕೋಶದಲ್ಲಿ ಕೂತು ಅದನ್ನು ಗಟ್ಟಿಮಾಡುತ್ತದೆ. ಮನುಷ್ಯ ವರ್ಷಗಟ್ಟಲೆ ಕೆಮ್ಮಿ, ಉಸಿರು ಸಾಲದೆ ಸಾಯುತ್ತಾನೆ. 1940ರ ದಶಕದಲ್ಲಿ ಇಲ್ಲಿ ನಡೆದ ತಪಾಸಣೆಯಲ್ಲಿ ಪರೀಕ್ಷಿಸಿದ ಕಾರ್ಮಿಕರಲ್ಲಿ ನೂರಕ್ಕೆ ನಲವತ್ತಕ್ಕೂ ಹೆಚ್ಚು ಮಂದಿಗೆ ಸಿಲಿಕೋಸಿಸ್ ಇರುವುದು ಕಂಡಿತು. ಗಣಿಗಾರಿಕೆ ಶುರುವಾಗಿ ಆಗಲೇ ಅರವತ್ತು ವರ್ಷ ಕಳೆದಿತ್ತು.

ಕನ್ನಡ ನಾಡಿನ ಧಾರ್ಮಿಕ ಚಿಂತನೆಯಲ್ಲಿ ದುಡಿಮೆಗೆ ಬಹು ಎತ್ತರದ ಸ್ಥಾನವಿದೆ. ಹನ್ನೆರಡನೆಯ ಶತಮಾನದ ಶರಣರು ಕಾಯಕವನ್ನು ಪೂಜೆಗಿಂತ ಮೇಲಿಟ್ಟರು. ಅಲ್ಲಮಪ್ರಭುವಿನ ದೃಷ್ಟಿಯಲ್ಲಿ ಹೊನ್ನು ಮಾಯೆಯೇ ಅಲ್ಲ. ಮನದ ಮುಂದಿನ ಆಸೆ ಮಾತ್ರ ಮಾಯೆ. ಹಾಗಾದರೆ ಚಿನ್ನ ಅಗೆಯುವುದೂ ಕಾಯಕವೇ? ಅಗೆಯುವ ಕೈಯಲ್ಲಿ ದೋಷವಿಲ್ಲ ಎನ್ನುವುದರಲ್ಲಿ ಸಂದೇಹವಿಲ್ಲ. ಆದರೆ ಕಾಯಕದ ಕಲ್ಪನೆ ದುಡಿಮೆಯ ಹೊಗಳಿಕೆಯಲ್ಲಿ ಮುಗಿಯುವುದಿಲ್ಲ. ಅದಕ್ಕೆ ದಾಸೋಹದ ಇನ್ನೊಂದು ಮಗ್ಗುಲಿದೆ: ದುಡಿಮೆಯ ಫಲ ಎಲ್ಲಿಗೆ ಹೋಗುತ್ತದೆ ಎಂಬ ವಿಚಾರಣೆ. ಆಯ್ದಕ್ಕಿ ಮಾರಯ್ಯ ಒಂದು ದಿನ ಅಗತ್ಯಕ್ಕಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ ಹೆಂಡತಿ ಲಕ್ಕಮ್ಮ ಹೆಚ್ಚಿನದನ್ನು ತಂದ ಕಡೆಗೇ ಸುರಿದು ಬರುವಂತೆ ಹೇಳಿದಳೆಂಬ ಕಥೆ ಪ್ರಸಿದ್ಧ. ಬೇಕಾದದ್ದಕ್ಕಿಂತ ಮಿಗಿಲಾದದ್ದು ತಮ್ಮದಲ್ಲ ಎಂಬ ಆ ಎಚ್ಚರ ಬಡ ದಂಪತಿಗೆ ಇದ್ದಿತು. ಗಣಿಯ ಲಾಭಾಂಶ ಲಂಡನ್ನಿಗೆ ಹೋಗುವಾಗ ಅದನ್ನು ಕೇಳುವ ಲಕ್ಕಮ್ಮ ಯಾರೂ ಇರಲಿಲ್ಲ. ಕಾಯಕದ ಮಾತನ್ನು ಕಾರ್ಮಿಕನಿಗೆ ಮಾತ್ರ ಉಪದೇಶಿಸಿ ದಾಸೋಹದ ಮಾತನ್ನು ಒಡೆಯನಿಗೆ ಹೇಳದೆ ಬಿಟ್ಟರೆ ಶರಣರ ವಿಚಾರಕ್ಕೆ ಅದಕ್ಕಿಂತ ದೊಡ್ಡ ಅನ್ಯಾಯವಿಲ್ಲ.

ಬೌದ್ಧರ ಪಂಚಶೀಲಗಳಲ್ಲಿ ಎರಡನೆಯದು ಕೊಡದಿದ್ದುದನ್ನು ತೆಗೆದುಕೊಳ್ಳದಿರುವುದು. ಜೈನರ ಅಚೌರ್ಯವ್ರತದ ತಿರುಳೂ ಇದೇ. ಕೆಜಿಎಫ್‌ನ ಗಣಿಯ ಬಾಗಿಲಲ್ಲಿ ಈ ಶೀಲಕ್ಕೆ ವಿಚಿತ್ರವಾದ ಅರ್ಥ ಒದಗುತ್ತದೆ. ಚಿನ್ನ ಹೊರಗೆ ಸಾಗದಂತೆ ತಡೆಯಲು ಸಂಸ್ಥಾನ ವಿಶೇಷ ಕಾನೂನು ಮಾಡಿತ್ತು, ಕಂಪನಿಗಳಿಗೆ ತಮ್ಮದೇ ಕಾವಲು ಪಡೆ ಇತ್ತು. ಪಾಳಿ ಮುಗಿಸಿ ಮೇಲೆ ಬಂದವನ ಮೈ ತಡಕಿ ಬಿಡುತ್ತಿದ್ದರು. ಅವನ ಕೈಯಲ್ಲಿ ಚೂರು ಅದಿರು ಸಿಕ್ಕರೂ ಅದು ಅಪರಾಧ. ಕೊಡದಿದ್ದುದನ್ನು ತೆಗೆದುಕೊಂಡವನು ಅವನು ಎಂಬುದು ಕಾನೂನಿನ ಮಾತು. ಆದರೆ ಅದೇ ಶೀಲವನ್ನು ಒಂದು ಮೆಟ್ಟಿಲು ಹಿಂದೆ ಇಟ್ಟು ಕೇಳಬೇಕಾಗುತ್ತದೆ: ಕಂಪನಿಗೆ ಚಿನ್ನವನ್ನು ಕೊಟ್ಟವರು ಯಾರು? ರಾಜ್ಯ ಕೊಟ್ಟಿತು. ರಾಜ್ಯಕ್ಕೆ ಕೊಟ್ಟವರು? ಮೀಮಾಂಸಕರ ಪ್ರಕಾರ ಯಾರೂ ಇಲ್ಲ. ಕೊಡುವವರೇ ಇಲ್ಲದ ವಸ್ತುವನ್ನು ತೆಗೆಯುವವರಲ್ಲಿ ಒಬ್ಬರನ್ನು ಮಾತ್ರ ಕಳ್ಳರೆಂದು ಹೇಗೆ ಗುರುತಿಸುವುದು? ಕದ್ದ ಕಾರ್ಮಿಕನ ಸಮರ್ಥನೆ ಇದಲ್ಲ. ಕಳವೆಂಬ ಅಪರಾಧ ನಿಲ್ಲಬೇಕಾದರೆ ಅದಕ್ಕಿಂತ ಮೊದಲು ನ್ಯಾಯವಾದ ಹಂಚಿಕೆಯೊಂದು ನಿಂತಿರಬೇಕು.

ಈ ಶೀಲದ ಪ್ರಸ್ತಾಪ ಇಲ್ಲಿ ಬರಲು ಕಾರಣ ತರ್ಕ ಮಾತ್ರವಲ್ಲ. ಗಣಿಯ ಕಾರ್ಮಿಕರಲ್ಲಿ ಹಲವರು ಅದನ್ನು ಪಠಿಸುತ್ತಿದ್ದರು. ಮದರಾಸಿನ ಪಂಡಿತ ಅಯೋಧ್ಯಾದಾಸರು, ತಮಿಳಿನಲ್ಲಿ ಅಯೋತಿ ದಾಸರ್, 1898ರಲ್ಲಿ ಥಿಯಾಸಫಿಕಲ್ ಸೊಸೈಟಿಯ ಕರ್ನಲ್ ಆಲ್ಕಾಟ್‌ರೊಡನೆ ಸಿಂಹಳಕ್ಕೆ ಹೋಗಿ ಬೌದ್ಧಧರ್ಮ ಸ್ವೀಕರಿಸಿದರು. ಮರಳಿ ಬಂದು ಶಾಕ್ಯ ಬೌದ್ಧ ಸಂಘ ಕಟ್ಟಿದರು. ಅಸ್ಪೃಶ್ಯರೆನಿಸಿಕೊಂಡವರು ಮೂಲದಲ್ಲಿ ಬೌದ್ಧರು, ಧರ್ಮ ಬಿಡದ ಕಾರಣಕ್ಕೇ ಅವರನ್ನು ಹೊರಗಿಡಲಾಯಿತು ಎಂಬುದು ಅವರ ವಾದ. ಅದು ಚರಿತ್ರೆಯಾಗಿ ಎಷ್ಟು ನಿಲ್ಲುತ್ತದೆ ಎಂಬುದು ಬೇರೆ ಚರ್ಚೆ. ಗಣಿಯ ಲೈನುಗಳಲ್ಲಿ ಅದು ತಂದ ಬದಲಾವಣೆ ಮಾತ್ರ ನಿಜ. ಮಾರಿಕುಪ್ಪಂ, ಚಾಂಪಿಯನ್ ರೀಫ್‌ಗಳಲ್ಲಿ ಸಂಘದ ಶಾಖೆಗಳು ಎದ್ದವು. ಕೆಲಸಗಾರರೂ ಮೇಸ್ತ್ರಿಗಳೂ ಗುಮಾಸ್ತರೂ ಸೇರಿ ಸಭೆ ನಡೆಸಿದರು, ಮದುವೆ ಮತ್ತು ಸಾವಿನ ವಿಧಿಗಳನ್ನು ಬೌದ್ಧ ರೀತಿಗೆ ತಂದರು, ಓದು ಬರಹ ಕಲಿಸಿದರು. ಕೆಜಿಎಫ್‌ನ ಸಿದ್ಧಾರ್ಥ ಪುಸ್ತಕಶಾಲೆ ಅಯೋಧ್ಯಾದಾಸರ ಬರಹಗಳನ್ನು ಅಚ್ಚು ಹಾಕಿತು. 1914ರಲ್ಲಿ ಅವರು ತೀರಿಕೊಂಡ ಮೇಲೆ ಅವರ ‘ತಮಿಳನ್’ ಪತ್ರಿಕೆ ಮುಂದೆ ಕೆಲವು ವರ್ಷ ಹೊರಬಂದದ್ದೂ ಇಲ್ಲಿಂದಲೇ. ಡಾ. ಅಂಬೇಡ್ಕರ್ ನಾಗಪುರದಲ್ಲಿ ಬೌದ್ಧರಾದ 1956ಕ್ಕೆ ಅರ್ಧ ಶತಮಾನ ಮೊದಲೇ ಕೋಲಾರದ ಗಣಿಯಲ್ಲಿ ದಲಿತ ಬೌದ್ಧರಿದ್ದರು ಎಂಬುದು ಕರ್ನಾಟಕದ ಧಾರ್ಮಿಕ ಚರಿತ್ರೆಯಲ್ಲಿ ಇನ್ನೂ ದೊಡ್ಡ ಅಕ್ಷರಗಳಲ್ಲಿ ಬರೆಯಬೇಕಾದ ಸಂಗತಿ. 

ಮಾರಿಕುಪ್ಪಂನ ಬೌದ್ಧರ ಬಲ ಇದ್ದದ್ದು ಚಿನ್ನದ ಪಾಲು ಕೇಳುವುದರಲ್ಲಿ ಅಲ್ಲ. ತಮ್ಮನ್ನು ಯಾರು ಹೆಸರಿಸಬೇಕು ಎಂಬುದನ್ನು ಅವರು ಮೊದಲು ಎತ್ತಿಕೊಂಡರು. ಒಡೆತನಕ್ಕೆ ಮುಂಚೆ ಮನುಷ್ಯ ತಾನು ಯಾರ ಸ್ವತ್ತೂ ಅಲ್ಲವೆಂದು ಸ್ಥಾಪಿಸಬೇಕಾಗುತ್ತದೆ. ಈ ಅರಿವು ಮುಂದಿನ ಹೋರಾಟಗಳಲ್ಲೂ ಕಾಣುತ್ತದೆ. 1930ರಲ್ಲಿ ಗಣಿಗಳಲ್ಲಿ ನಡೆದ ದೊಡ್ಡ ಮುಷ್ಕರಕ್ಕೆ ತಕ್ಷಣದ ಕಾರಣ ಕೂಲಿಯಲ್ಲ, ಬೆರಳಚ್ಚು. ಪ್ರತಿ ಕಾರ್ಮಿಕನ ಬೆರಳಚ್ಚು ತೆಗೆದು ನೋಂದಾಯಿಸಲು ಕಂಪನಿಗಳು ಹೊರಟಾಗ, ಪೊಲೀಸರು ಕಳ್ಳರಿಗೆ ಮಾಡುವುದನ್ನು ತಮಗೆ ಮಾಡುತ್ತಿದ್ದಾರೆಂದು ಸಾವಿರಾರು ಜನ ಕೆಲಸ ನಿಲ್ಲಿಸಿದರು. ಮೂರು ವಾರ ಗಣಿ ನಿಂತಿತು. 1946ರ ನವೆಂಬರಿನಲ್ಲಿ ಪೊಲೀಸರ ಗುಂಡಿಗೆ ಆರು ಕಾರ್ಮಿಕರು ಬಲಿಯಾದರು. ಆ ದಿನವನ್ನು ಪಟ್ಟಣದಲ್ಲಿ ಇಂದಿಗೂ ನೆನೆಯುತ್ತಾರೆ.

ಗಣಿಯ ಆಳ ಒಡೆತನವೇ ಇಲ್ಲದ ಒಂದು ಫಲವನ್ನೂ ಕೊಟ್ಟಿತು. ವಿಶ್ವಕಿರಣಗಳಿಂದ ವಾತಾವರಣದಲ್ಲಿ ಹುಟ್ಟುವ ನ್ಯೂಟ್ರಿನೊ ಕಣಗಳ ಸುಳಿವು 1965ರಲ್ಲಿ ಚಾಂಪಿಯನ್ ರೀಫ್‌ನ ಆಳದಲ್ಲಿ ಸಿಕ್ಕಿತು. ಎರಡು ಕಿಲೋಮೀಟರಿಗಿಂತ ಹೆಚ್ಚು ದಪ್ಪದ ಬಂಡೆ ಉಳಿದ ಕಿರಣಗಳನ್ನೆಲ್ಲ ತಡೆದದ್ದರಿಂದ ಅದು ಸಾಧ್ಯವಾಯಿತು. ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯೂ ಜಪಾನ್, ಇಂಗ್ಲೆಂಡುಗಳ ವಿಜ್ಞಾನಿಗಳೂ ಕೂಡಿ ಮಾಡಿದ ಕೆಲಸ ಅದು. ಹಂಚಿದರೆ ಕಡಿಮೆಯಾಗದ ಸಂಪತ್ತು ಆ ಗಣಿಯಿಂದ ಹೊರಬಂದದ್ದು ಅದೊಂದೇ ಇರಬೇಕು.

ಸ್ವಾತಂತ್ರ್ಯದ ನಂತರ ಒಡೆತನದ ಪ್ರಶ್ನೆಗೆ ಹೊಸ ಉತ್ತರ ಬಂತು: ಖನಿಜ ರಾಷ್ಟ್ರದ್ದು. ಸಮುದಾಯದ ಭೌತಿಕ ಸಂಪನ್ಮೂಲಗಳ ಒಡೆತನ ಮತ್ತು ಹತೋಟಿ ಎಲ್ಲರ ಹಿತಕ್ಕೆ ಒದಗುವಂತೆ ಹಂಚಿಕೆಯಾಗಬೇಕು ಎಂದು ಸಂವಿಧಾನದ 39ನೆಯ ವಿಧಿ ನಿರ್ದೇಶಿಸುತ್ತದೆ. 1956ರಲ್ಲಿ ಮೈಸೂರು ರಾಜ್ಯ ಗಣಿಗಳನ್ನು ವಹಿಸಿಕೊಂಡಿತು, 1962ರಲ್ಲಿ ಅವು ಕೇಂದ್ರಕ್ಕೆ ಹೋದವು, 1972ರಲ್ಲಿ ಭಾರತ್ ಗೋಲ್ಡ್ ಮೈನ್ಸ್ ಎಂಬ ಸರ್ಕಾರಿ ಕಂಪನಿ ರೂಪುಗೊಂಡಿತು. ಶೋಷಣೆಯ ಹಳೆಯ ಮುಖ ಅಳಿಯಿತು. ಮನೆ, ಆಸ್ಪತ್ರೆ, ಶಾಲೆ, ಕೆಲಸದ ಭದ್ರತೆ ಬಂದವು. ಇದನ್ನು ಕಡಿಮೆ ಮಾಡಿ ಹೇಳುವುದು ತಪ್ಪಾಗುತ್ತದೆ. ಆದರೆ ಗಣಿ ರಾಷ್ಟ್ರದ ಕೈಗೆ ಬಂದದ್ದು ಅದರ ಸಿರಿ ಬಹುಪಾಲು ಮುಗಿದ ಮೇಲೆ. ಟನ್ ಅದಿರಿಗೆ ಸಿಗುವ ಚಿನ್ನ ಕೊನೆಗೆ ಮೂರು ಗ್ರಾಮಿನ ಆಸುಪಾಸಿಗೆ ಇಳಿಯಿತು. ಬಹಳ ಕಾಲ ಸರ್ಕಾರ ಇಲ್ಲಿಯ ಚಿನ್ನವನ್ನು ದೇಶದ ಮಾರುಕಟ್ಟೆಯ ದರಕ್ಕಿಂತ ತೀರ ಕಡಿಮೆಯಾದ ಅಂತರರಾಷ್ಟ್ರೀಯ ಅಧಿಕೃತ ದರದಲ್ಲಿ ಪಡೆಯಿತು. ಲೆಕ್ಕದ ಪುಸ್ತಕದಲ್ಲಿ ಗಣಿ ನಷ್ಟದ್ದಾಯಿತು. ಆ ನಷ್ಟದಲ್ಲಿ ರಾಷ್ಟ್ರದ ಬೊಕ್ಕಸಕ್ಕೆ ಸಂದ ಲಾಭವೂ ಅಡಗಿತ್ತು ಎಂಬುದನ್ನು ಎಣಿಸಿದವರು ಕಡಿಮೆ.

2001ರ ಫೆಬ್ರವರಿ 28ರಂದು ಗಣಿಗಳು ಮುಚ್ಚಿದವು. ಕೆಲವು ಸಾವಿರ ಕಾರ್ಮಿಕರು ಕೆಲಸ ಕಳೆದುಕೊಂಡರು. ನೀರೆತ್ತುವ ಪಂಪುಗಳು ನಿಂತು ಸುರಂಗಗಳು ಮುಳುಗಿದವು. ಬೆಳಗಿನ ಜಾವ ಮಾರಿಕುಪ್ಪಂನಿಂದ ಹೊರಡುವ ರೈಲುಗಳಲ್ಲಿ ಸಾವಿರಾರು ಜನ ಬೆಂಗಳೂರಿಗೆ ಕೆಲಸಕ್ಕೆ ಹೋಗಿ ರಾತ್ರಿ ಮರಳುವ ಬದುಕು ಶುರುವಾಯಿತು. ಗಣಿಯನ್ನು ತಾವೇ ಸಹಕಾರಿ ಸಂಘ ಕಟ್ಟಿಕೊಂಡು ನಡೆಸುತ್ತೇವೆಂದು ಕಾರ್ಮಿಕ ಸಂಘಟನೆಗಳು ಕೇಳಿದವು. ವ್ಯಾಜ್ಯ ವರ್ಷಗಟ್ಟಲೆ ಎಳೆದು, 2013ರಲ್ಲಿ ಸುಪ್ರೀಂ ಕೋರ್ಟ್ ಜಾಗತಿಕ ಟೆಂಡರಿನ ದಾರಿಗೆ ಒಪ್ಪಿಗೆ ಕೊಟ್ಟಿತು. ಅಗೆದವರೇ ಒಡೆಯರಾಗಬೇಕೆಂಬ ಹಕ್ಕೊತ್ತಾಯ ಈ ಪಟ್ಟಣದ ಚರಿತ್ರೆಯಲ್ಲಿ ಅಷ್ಟು ನೇರವಾಗಿ ನ್ಯಾಯಾಲಯದ ಮುಂದೆ ಬಂದದ್ದು ಈ ಸಂದರ್ಭದಲ್ಲಿ.

ಖನಿಜದ ಒಡೆತನದಲ್ಲಿ ಕಾಲದ ಆಯಾಮವೊಂದಿದೆ; ಹಳೆಯ ಶಾಸ್ತ್ರಗಳು ಅದನ್ನು ಅಷ್ಟಾಗಿ ಮುಟ್ಟಿಲ್ಲ. ಕೆರೆಯ ನೀರು ಮರುವರ್ಷ ತುಂಬುತ್ತದೆ, ಚಿನ್ನ ತುಂಬುವುದಿಲ್ಲ. ಹಾಗಾಗಿ ಒಂದು ತಲೆಮಾರು ತೆಗೆದ ಚಿನ್ನ ಮುಂದಿನ ತಲೆಮಾರುಗಳ ಪಾಲಿನಿಂದಲೂ ತೆಗೆದದ್ದು. ಭೂಮಿ ಎಲ್ಲರಿಗೂ ಸಮಾನವೆಂಬ ಜೈಮಿನಿಯ ಮಾತಿನಲ್ಲಿ ಇನ್ನೂ ಹುಟ್ಟದವರನ್ನೂ ಸೇರಿಸಿ ಓದಿದರೆ, ತೆಗೆದದ್ದಕ್ಕೆ ಬದಲಾಗಿ ಬಾಳುವಂಥದ್ದೇನನ್ನಾದರೂ ಆ ನೆಲದಲ್ಲಿ ಉಳಿಸುವ ಹೊಣೆ ತೆಗೆದವರ ಮೇಲೆ ಬೀಳುತ್ತದೆ. ಕೆಜಿಎಫ್‌ನಲ್ಲಿ ಉಳಿದದ್ದು ಮುಖ್ಯವಾಗಿ ಸೈನೈಡ್ ದಿಬ್ಬಗಳು. ಅದಿರನ್ನು ಹಿಟ್ಟಿನಂತೆ ಅರೆದು, ಸೈನೈಡಿನಲ್ಲಿ ಚಿನ್ನ ಕರಗಿಸಿ ತೆಗೆದ ಮೇಲೆ ಉಳಿದ ಬೂದುಬಣ್ಣದ ಪುಡಿಯ ಗುಡ್ಡಗಳವು. ಸುಮಾರು ಮೂರು ಕೋಟಿ ಮೂವತ್ತು ಲಕ್ಷ ಟನ್. ಗಾಳಿಯ ತಿಂಗಳುಗಳಲ್ಲಿ ಅವುಗಳಿಂದ ಎದ್ದ ಧೂಳು ಮನೆಗಳ ಮೇಲೆ, ಹೊಲಗಳ ಮೇಲೆ ಕೂರುತ್ತದೆ. ಗಣಿಗೆ ಎಂದೂ ಇಳಿಯದ ಮಕ್ಕಳ ಎದೆಗೂ ಅದು ಹೋಗುತ್ತದೆ.

ಆ ದಿಬ್ಬಗಳಲ್ಲಿ ಇನ್ನೂ ಒಂದಿಷ್ಟು ಚಿನ್ನವಿದೆ. 2024ರಲ್ಲಿ ರಾಜ್ಯ ಸಚಿವ ಸಂಪುಟ ಸಾವಿರ ಎಕರೆಗೂ ಮಿಕ್ಕಿದ ಪ್ರದೇಶದಲ್ಲಿರುವ ಹದಿಮೂರು ದಿಬ್ಬಗಳಿಂದ ಚಿನ್ನ ತೆಗೆಯುವುದಕ್ಕೆ ಒಪ್ಪಿಗೆ ಕೊಟ್ಟಿದೆ. ಒಡೆತನದ ಪ್ರಶ್ನೆ ಹೀಗೆ ಮತ್ತೆ ಎದುರಾಗಿದೆ, ಈ ಸಲ ಸ್ವಲ್ಪ ಬೇರೆ ರೂಪದಲ್ಲಿ. ಬಂಡೆಯೊಳಗಿನ ಚಿನ್ನವನ್ನು ಯಾರೂ ಇಟ್ಟಿರಲಿಲ್ಲ. ದಿಬ್ಬದ ಚಿನ್ನವನ್ನು ಅಲ್ಲಿಗೆ ತಂದದ್ದು ಮಾತ್ರ ಗೊತ್ತಿರುವ ಜನರ ಶ್ರಮ. ಅದನ್ನು ಆಳದಿಂದ ಒಡೆದು ಮೇಲೆ ತಂದವರ ಮನೆಮಂದಿ ದಿಬ್ಬದ ಬುಡದಲ್ಲೇ ಇದ್ದಾರೆ, ಹಲವರು ಇಂದಿಗೂ ತಾವಿರುವ ಮನೆಯ ಹಕ್ಕುಪತ್ರ ಕೇಳುತ್ತಿದ್ದಾರೆ. ಲಾಕ್‌ನ ವಾದವನ್ನು ಆಳಿನ ವಿನಾಯಿತಿಯಿಲ್ಲದೆ ಪ್ರಾಮಾಣಿಕವಾಗಿ ಅನ್ವಯಿಸಿದರೆ ಮೊದಲ ಪಾಲು ಅವರದು. ಶಬರಸ್ವಾಮಿಯ ಪ್ರಕಾರ ಹೋದರೆ ರಾಜ್ಯದ ಪಾಲು ರಕ್ಷಣೆಗೆ ಸಲ್ಲುವ ಪ್ರತಿಫಲ. ಧೂಳಿನಿಂದಲೂ ರೋಗದಿಂದಲೂ ರಕ್ಷಿಸದ ರಾಜ್ಯಕ್ಕೆ ಆ ಪಾಲಿನ ಹಕ್ಕೂ ಸಡಿಲವಾಗುತ್ತದೆ. ಇಂದಿನ ಕಾನೂನು ಇಷ್ಟು ದೂರ ಬಂದಿಲ್ಲ, ಆದರೂ ಒಂದು ಹೆಜ್ಜೆ ಇಟ್ಟಿದೆ. 2015ರಲ್ಲಿ ಗಣಿ ಮತ್ತು ಖನಿಜ ಕಾಯಿದೆಗೆ ಬಂದ ತಿದ್ದುಪಡಿ ಪ್ರತಿ ಗಣಿ ಜಿಲ್ಲೆಯಲ್ಲೂ ಜಿಲ್ಲಾ ಖನಿಜ ಪ್ರತಿಷ್ಠಾನ ರಚಿಸಿ, ಗುತ್ತಿಗೆದಾರರು ರಾಯಧನದ ಜೊತೆಗೆ ಕೊಡುವ ವಂತಿಗೆಯನ್ನು ಗಣಿಯಿಂದ ಬಾಧಿತರಾದವರ ಹಿತಕ್ಕೆ ಬಳಸಬೇಕೆಂದು ವಿಧಿಸಿತು. ಬಾಧಿತರಿಗೆ ಹಕ್ಕಿನ ಪಾಲೊಂದಿದೆ ಎಂಬುದನ್ನು ಖನಿಜ ಕಾನೂನು ಒಪ್ಪಿಕೊಂಡದ್ದು ಹಾಗೆ. ಆದರೆ ಕೋಲಾರದ ಗಣಿ ಮುಚ್ಚಿ ಅಷ್ಟರಲ್ಲಿ ಹದಿನಾಲ್ಕು ವರ್ಷವಾಗಿತ್ತು, ಮುಚ್ಚಿದ ಗಣಿಯಿಂದ ವಂತಿಗೆ ಹುಟ್ಟುವುದಿಲ್ಲ. ದಿಬ್ಬಗಳ ಕೆಲಸ ಶುರುವಾದರೆ ಅದರ ಆದಾಯದಲ್ಲಿ ಮಾರಿಕುಪ್ಪಂ ಮತ್ತು ಚಾಂಪಿಯನ್ ರೀಫ್‌ನ ಲೈನುಗಳಿಗೆ ಎಷ್ಟು ಸಲ್ಲಬೇಕು, ಅದನ್ನು ನಿರ್ಧರಿಸುವ ಸಭೆಯಲ್ಲಿ ಆ ಲೈನುಗಳವರು ಕೂರಬೇಕೇ ಎಂಬುದು ಗುತ್ತಿಗೆಯ ಷರತ್ತುಗಳನ್ನು ಬರೆಯುವಾಗಲೇ ತೀರ್ಮಾನವಾಗಬೇಕಾದ ವಿಷಯ.